ಗೆಳೆಯಾ, ದಯವಿಟ್ಟು ವಿಮಾನದಿಂದ ಶುರು ಮಾಡಬೇಡ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ‘ಎರಡು ಆಲ್ಬಮ್ ಮಾಡಿ ವಿಮಾನ ಬಿದ್ದು ಸತ್ತ ಹುಡುಗನಿಗೆ ಇಷ್ಟು ವರ್ಷ ಆದ್ಮೇಲೂ ಇಷ್ಟೊಂದು ಗಲಾಟೆ ಯಾಕೋ?’ ಅಂತ ಅಮೆರಿಕದ ಗಿಟಾರಿಸ್ಟ್ ರ‍್ಯಾಂಡಿ ರೋಡ್ಸ್ ಬಗ್ಗೆ ಕೇಳಿದ್ದೀಯ. ಶಂಕರ್ ನಾಗ್ ಹೋಗಿದ್ದು 1990ರಲ್ಲಿ. ನಿಮ್ಮ ರಸ್ತೆಯ ಆಟೋಗಳ ಹಿಂದೆ ಇವತ್ತಿಗೂ ಅವರ ಫೋಟೋ ಇದೆ. ಆ ಡ್ರೈವರ್‌ಗಳಲ್ಲಿ ಎಷ್ಟೋ ಜನ ಆಗ ಹುಟ್ಟೇ ಇರಲಿಲ್ಲ. ಹೋಗಿ ಅವರನ್ನೊಮ್ಮೆ ಕೇಳಿ ನೋಡು, ಬೈಸಿಕೊಂಡು ಬರ್ತೀಯ.

ಸಿಟ್ಟು ಬಂದಿದ್ದಕ್ಕೆ ಕಾರಣ ಬೇರೆ. ನೀನೂ ವಿಮಾನದಿಂದಲೇ ಶುರು ಮಾಡಿದೆ. ರ‍್ಯಾಂಡಿ ರೋಡ್ಸ್ ಅಂದ ತಕ್ಷಣ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಸರಿ, ಅದನ್ನು ಮೊದಲು ಮುಗಿಸಿಬಿಡೋಣ.

1982ರ ಮಾರ್ಚ್ 18ರ ರಾತ್ರಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ರೋಡ್ಸ್ ನುಡಿಸುತ್ತಿದ್ದ, ರಾಕ್ ಗಾಯಕ ಓಜಿ ಓಸ್ಬರ್ನ್ ಬ್ಯಾಂಡಿನ ಶೋ ಇತ್ತು. ಅಲ್ಲಿಂದ ಬಸ್ಸಿನಲ್ಲಿ ಫ್ಲಾರಿಡಾದ ಆರ್ಲ್ಯಾಂಡೊ ಕಡೆ ಹೊರಟರು. ಬಸ್ಸಿನ ಎಸಿ ರಿಪೇರಿಗೆ ಅಂತ ದಾರಿಯಲ್ಲಿ ಲೀಸ್‌ಬರ್ಗ್‌ನಲ್ಲಿ ನಿಲ್ಲಿಸಿದರು. ಪಕ್ಕದಲ್ಲೇ ಒಂದು ರನ್‌ವೇ, ಪುಟ್ಟ ವಿಮಾನಗಳು. ಬಸ್ ಡ್ರೈವರ್‌ಗೆ ವಿಮಾನ ಓಡಿಸಲು ಬರುತ್ತಿತ್ತು. ಯಾರನ್ನೂ ಕೇಳದೆ ಒಂದನ್ನು ತೆಗೆದ. ಇಬ್ಬರನ್ನು ಹತ್ತಿಸಿಕೊಂಡು, ಉಳಿದವರು ಮಲಗಿದ್ದ ಬಸ್ಸಿನ ಮೇಲೆ ತೀರಾ ಕೆಳಗೆ ಹಾರಿಸಿದ. ರೆಕ್ಕೆ ಬಸ್ಸಿಗೆ ತಗುಲಿತು. ಡ್ರೈವರ್, ತಂಡದ ಮೇಕಪ್ ಕಲಾವಿದೆ ರೇಚಲ್ ಯಂಗ್‌ಬ್ಲಡ್, ರೋಡ್ಸ್, ಮೂವರೂ ಹೋದರು. ರೋಡ್ಸ್‌ಗೆ 25 ವರ್ಷ. ವಿಮಾನ ಅಂದರೆ ಹೆದರುತ್ತಿದ್ದವನು ಬೇರೆ.

ಅಷ್ಟೇ ಕಥೆ. ಒಬ್ಬನ ದಡ್ಡತನ ಬಿಟ್ಟರೆ ಅದರಲ್ಲಿ ತಿಳಿಯುವಂಥದ್ದು ಏನೂ ಇಲ್ಲ. ಈಗ ಅವನ ವಿಷಯಕ್ಕೆ ಬರೋಣ.

ರೋಡ್ಸ್ ಹುಟ್ಟಿದ್ದು 1956ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅವನು ಕೂಸಾಗಿದ್ದಾಗಲೇ ಅಪ್ಪ ಮನೆ ಬಿಟ್ಟು ಹೋದ. ಮೂರು ಮಕ್ಕಳನ್ನು ಸಾಕಿದ್ದು ಅಮ್ಮ ಡೆಲೋರಿಸ್. ಆ ತಾಯಿ ನಾರ್ತ್ ಹಾಲಿವುಡ್‌ನಲ್ಲಿ ‘ಮ್ಯೂಸೋನಿಯಾ’ ಅನ್ನೋ ಸಂಗೀತ ಶಾಲೆ ನಡೆಸುತ್ತಿದ್ದರು. ಮನೆಯಲ್ಲಿ ಸ್ಟೀರಿಯೋ ಇರಲಿಲ್ಲವಂತೆ. ಸಂಗೀತ ಬೇಕಾದರೆ ನೀವೇ ನುಡಿಸಿಕೊಳ್ಳಿ ಅನ್ನೋ ಮನೆ ಅದು. ಹುಡುಗ ಏಳು ವರ್ಷ ತುಂಬುವಷ್ಟರಲ್ಲಿ ತಾತನ ಹಳೇ ಅಕೂಸ್ಟಿಕ್ ಗಿಟಾರ್ ಹಿಡಿದಿದ್ದ. ಆಮೇಲೆ ಎಲೆಕ್ಟ್ರಿಕ್ ಗಿಟಾರ್ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ಡೆಲೋರಿಸ್ ಹತ್ತಿರ ಬಂದು, ‘ನನಗೆ ಗೊತ್ತಿದ್ದದ್ದೆಲ್ಲ ಮುಗೀತು, ಇನ್ನು ಇವನಿಗೆ ಹೇಳಿಕೊಡಲು ಏನೂ ಉಳಿದಿಲ್ಲ’ ಅಂದರಂತೆ.

ಮುಂದೆ ಅದೇ ಶಾಲೆಯಲ್ಲಿ ಅವನೇ ಮೇಷ್ಟ್ರಾದ. ರಾತ್ರಿ ಲಾಸ್ ಏಂಜಲೀಸ್‌ನ ಕ್ಲಬ್ಬುಗಳಲ್ಲಿ ಕ್ವಾಯಟ್ ರಯಟ್ ಬ್ಯಾಂಡಿನ ಜೊತೆ ನುಡಿಸೋದು, ಹಗಲು ಮಕ್ಕಳಿಗೆ ಪಾಠ. ಆ ಬ್ಯಾಂಡ್ ಅವನ ಕಾಲದಲ್ಲಿ ಎರಡು ಆಲ್ಬಮ್ ಮಾಡಿತು. ಎರಡೂ ಬಿಡುಗಡೆಯಾಗಿದ್ದು ಜಪಾನಿನಲ್ಲಿ ಮಾತ್ರ. ತನ್ನ ಊರಿನಲ್ಲೇ ಅವನ ರೆಕಾರ್ಡ್ ಸಿಗುತ್ತಿರಲಿಲ್ಲ, ಯೋಚನೆ ಮಾಡು!

1979ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನವರು ತಮ್ಮ ಗಾಯಕ ಓಜಿಯನ್ನು ಹೊರಗೆ ಹಾಕಿದರು. ಅವನು ಹೊಸ ಗಿಟಾರಿಸ್ಟ್ ಹುಡುಕುತ್ತಿದ್ದ. ರೋಡ್ಸ್ ಗಿಟಾರಿನ ಸದ್ದು ಜೋರು ಮಾಡುವ ಪುಟ್ಟ ಪ್ರಾಕ್ಟೀಸ್ ಆಂಪ್ ಹಿಡಿದುಕೊಂಡು ಹೋದ. ಶ್ರುತಿ ಮಾಡಿಕೊಂಡು ಸುಮ್ನೆ ಒಂದೆರಡು ರಿಫ್, ಅಂದರೆ ಪುಟ್ಟ ಗಿಟಾರ್ ತುಣುಕು, ನುಡಿಸುತ್ತಿದ್ದಾಗಲೇ ‘ಕೆಲಸ ನಿನ್ನದೇ’ ಅಂದುಬಿಟ್ಟರು. ನಾನಿನ್ನೂ ನುಡಿಸಿಯೇ ಇಲ್ಲವಲ್ಲ ಅಂತ ಅವನಿಗೆ ಒಂಥರಾ ಆಯಿತಂತೆ. ನನಗೆ ಈ ಮಾತು ತುಂಬಾ ಇಷ್ಟ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡಿ ಮನೆಗೆ ಓಡುತ್ತಿದ್ದರು.

ಓಜಿ ಜೊತೆ ಮೊದಲ ಆಲ್ಬಮ್ ‘ಬ್ಲಿಝರ್ಡ್ ಆಫ್ ಓಝ್’ 1980ರಲ್ಲಿ ಬಂತು, ಎರಡನೆಯದು ‘ಡೈರಿ ಆಫ್ ಎ ಮ್ಯಾಡ್‌ಮನ್’ 1981ರಲ್ಲಿ. ಎರಡನ್ನೂ ರೆಕಾರ್ಡ್ ಮಾಡಿದ್ದು ಇಂಗ್ಲೆಂಡಿನ ರಿಡ್ಜ್ ಫಾರ್ಮ್ ಸ್ಟುಡಿಯೋದಲ್ಲಿ. ಅಲ್ಲಿ ಅವನು ಮಾಡುತ್ತಿದ್ದ ಒಂದು ಕೆಲಸ ಹೇಳುತ್ತೇನೆ, ನೀನು ಪಿಟೀಲು ಕಲಿತವನು, ನಿನಗೆ ಅರ್ಥ ಆಗುತ್ತದೆ. ಒಂದು ಸೋಲೋ, ಅಂದರೆ ಹಾಡಿನಲ್ಲಿ ಗಿಟಾರೇ ಮುಂದೆ ಬಂದು ಮಾತಾಡುವ ಭಾಗ, ಕೂಡಿಸಿಕೊಂಡು ನುಡಿಸುತ್ತಿದ್ದ. ಆಮೇಲೆ ಅದನ್ನೇ, ಅದೇ ಸ್ವರ, ಅದೇ ಜಾರು, ಅದೇ ಕಂಪನ, ಇನ್ನೊಂದು ಸಲ. ಮತ್ತೆ ಮೂರನೇ ಸಲ. ಎಂಜಿನಿಯರ್ ಮ್ಯಾಕ್ಸ್ ನಾರ್ಮನ್ ಒಂದನ್ನು ಮಧ್ಯದಲ್ಲಿ ಇಟ್ಟು, ಉಳಿದೆರಡನ್ನು ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಮೆಲ್ಲಗೆ ಸೇರಿಸುತ್ತಿದ್ದ. ಆ ಹಾಡುಗಳಲ್ಲಿ ಗಿಟಾರ್ ಅಷ್ಟು ದಪ್ಪಗೆ, ಸ್ವಲ್ಪ ನಡುಗಿದ ಹಾಗೆ ಕೇಳೋದು ಇದಕ್ಕೇ. ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿ ಅಂಟಿಸುವ ಕಾಲ ಅಲ್ಲ ಅದು. ಅಷ್ಟು ವೇಗದ ಸೋಲೋವನ್ನು ಮೂರು ಸಲ ತದ್ವತ್ ನುಡಿಸಬೇಕೆಂದರೆ ಒಂದೊಂದು ಸ್ವರವೂ ಮೊದಲೇ ಗಟ್ಟಿಯಾಗಿ ಕೂತಿರಬೇಕು. ಮೊದಲ ಆಲ್ಬಮ್‌ನ ‘ಮಿಸ್ಟರ್ ಕ್ರೌಲಿ’ ಹಾಡಿನ ಕೊನೆಯ ಸೋಲೋ ಕೇಳು. ಗಡಿಬಿಡಿ ಎಲ್ಲೂ ಇಲ್ಲ. ಬೆರಳು ಓಡುತ್ತದೆ ನಿಜ, ಆದರೆ ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿದೆ.

ಮೊದಲ ಆಲ್ಬಮ್‌ನಲ್ಲೇ ‘ಡೀ’ ಅಂತ ಒಂದು ತುಣುಕು ಇದೆ. ಒಂದು ನಿಮಿಷವೂ ಇಲ್ಲ. ಡ್ರಮ್ಸ್ ಇಲ್ಲ, ಕಿರುಚಾಟ ಇಲ್ಲ, ಬರೀ ಕ್ಲಾಸಿಕಲ್ ಗಿಟಾರ್. ಅಮ್ಮನಿಗೆ ಅಂತ ಮಾಡಿದ್ದು. ಹೆವಿ ಮೆಟಲ್ ಆಲ್ಬಮ್ ಮಧ್ಯೆ ಅಮ್ಮನಿಗೊಂದು ತುಣುಕು ಇಡಲು ಧೈರ್ಯ ಬೇಕು ಕಣೋ.

ಟೂರ್ ಹೋದ ಊರಿನಲ್ಲೆಲ್ಲ ಅವನು ಟೆಲಿಫೋನ್ ಡೈರೆಕ್ಟರಿ ತೆಗೆದು ಕ್ಲಾಸಿಕಲ್ ಗಿಟಾರ್ ಮೇಷ್ಟ್ರನ್ನು ಹುಡುಕುತ್ತಿದ್ದ. ರಾತ್ರಿ ಸಾವಿರಾರು ಜನರ ಮುಂದೆ ನುಡಿಸುವವನು, ಹಗಲು ದುಡ್ಡು ಕೊಟ್ಟು ಪಾಠಕ್ಕೆ ಹೋಗಿ ಕೂರುತ್ತಿದ್ದ. ಕೊನೆಯ ದಿನಗಳಲ್ಲಿ ಓಜಿಗೆ ಹೇಳಿಯೂ ಇದ್ದ, ಬ್ಯಾಂಡ್ ಬಿಟ್ಟು ಯೂನಿವರ್ಸಿಟಿಗೆ ಸೇರಿ ಕ್ಲಾಸಿಕಲ್ ಗಿಟಾರ್‌ನಲ್ಲಿ ಡಿಗ್ರಿ ಮಾಡಬೇಕು ಅಂತ. ಓಜಿ ತಲೆ ಕೆಟ್ಟಿದೆಯಾ ಅನ್ನೋ ಹಾಗೆ ಮಾತಾಡಿದ್ದನಂತೆ.

ಅವನಿದ್ದಿದ್ದರೆ ಇನ್ನೆಷ್ಟು ಆಲ್ಬಮ್ ಬರುತ್ತಿತ್ತು ಅಂತ ಎಲ್ಲರೂ ಕೊರಗುತ್ತಾರೆ. ನನಗೇನೋ ಅನ್ನಿಸೋದು, ಓಜಿ ಜೊತೆ ಇನ್ನೊಂದು ಬರುತ್ತಿದ್ದದ್ದೂ ಅನುಮಾನ. ಅವನು ಮತ್ತೆ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದ. ನಾನು ಅಳೋದು ಆ ಬರದ ಆಲ್ಬಮ್‌ಗಲ್ಲ, ಅವನು ಸೇರದೇ ಹೋದ ಆ ಕ್ಲಾಸಿಗೆ.

ಈ ಮಾರ್ಚ್‌ನಲ್ಲಿ ಸ್ಯಾನ್ ಬರ್ನಾರ್ಡಿನೋಗೆ ಹೋಗಿದ್ದೆ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್, ಉತ್ತರಕ್ಕೆ ಬೆಟ್ಟದ ಸಾಲು. ಅಲ್ಲಿನ ಮೌಂಟನ್ ವ್ಯೂ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಹೂವಿನ ಜೊತೆ ಗಿಟಾರ್ ಪಿಕ್‌ಗಳನ್ನೂ ಇಟ್ಟು ಹೋಗುತ್ತಾರೆ. 1981ರಲ್ಲಿ ಅವನನ್ನು ಸ್ಟೇಜ್ ಮೇಲೆ ನೋಡಿದ್ದ ಒಬ್ಬ ಬಿಳಿ ಗಡ್ಡದವನು, ಅವನ ಪಕ್ಕ ಹೈಸ್ಕೂಲ್ ಹುಡುಗಿ, ಒಂದು ಮೆಕ್ಸಿಕನ್ ಕುಟುಂಬ. ವಿಮಾನದ ಸುದ್ದಿ ಯಾರೂ ಎತ್ತಲಿಲ್ಲ. ಕಪ್ಪು ಬಿಳುಪು ಚುಕ್ಕೆಯ ವಿ ಆಕಾರದ ಗಿಟಾರ್ ಒಳ್ಳೆಯದಾ, ಕೆನೆ ಬಣ್ಣದ ಲೆಸ್ ಪಾಲ್ ಒಳ್ಳೆಯದಾ ಅಂತ ಜಗಳ ಆಡುತ್ತಿದ್ದರು. ನಾನೂ ಸೇರಿಕೊಂಡೆ. ನನ್ನ ವೋಟು ಲೆಸ್ ಪಾಲ್‌ಗೆ.

ಡೆಲೋರಿಸ್ ಅವರು 2015ರಲ್ಲಿ ತೀರಿಕೊಂಡರು. ಮಗ ಹೋದ ಮೇಲೂ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಮಗನನ್ನು ನೆನೆಯಲು ಆ ಶಾಲೆಗೂ ಜನ ಹೋಗುತ್ತಿದ್ದರು. 2019ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ಕಳ್ಳರು ಮ್ಯೂಸೋನಿಯಾಗೆ ನುಗ್ಗಿ ಅವನ ಮೊದಲ ಎಲೆಕ್ಟ್ರಿಕ್ ಗಿಟಾರನ್ನೇ ಹೊತ್ತುಕೊಂಡು ಹೋದರು. ಓಜಿ 25,000 ಡಾಲರ್ ಬಹುಮಾನ ಕೊಡುತ್ತೇನೆ ಅಂದ. ಕದ್ದ ಸಾಮಾನಿನಲ್ಲಿ ಕೆಲವು ವಾಪಸ್ ಸಿಕ್ಕವು. 2021ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನವರಿಗೂ ಅವನ ನೆನಪಾಗಿ ಗೌರವ ಕೊಟ್ಟರು. ತಡವಾಯಿತು ಅಂತ ನಮ್ಮವರಿಗೆಲ್ಲ ಸಿಟ್ಟಿದೆ, ಅದು ಬೇರೆ ವಿಷಯ. ಅವತ್ತು ಅವನ ಬಗ್ಗೆ ಮಾತಾಡಿದ ಗಿಟಾರಿಸ್ಟ್ ಟಾಮ್ ಮೊರೆಲೋ ತನ್ನ ಮಗನಿಗೇ ರೋಡ್ಸ್ ಅಂತ ಹೆಸರಿಟ್ಟಿದ್ದಾನೆ. ಈಗ ಓಜಿಯೂ ಇಲ್ಲ. 2025ರ ಜುಲೈನಲ್ಲಿ ಹೋದ.

ಸರಿ, ಕೇಳೋದಾದರೆ ಒಂದು ಎಚ್ಚರಿಕೆ. ಆ ಎರಡು ಆಲ್ಬಮ್‌ಗಳ 2002ರ ಸಿಡಿ ಎಲ್ಲಾದರೂ ಸಿಕ್ಕರೆ ಮುಟ್ಟಬೇಡ. ಅದರಲ್ಲಿ ಬಾಬ್ ಡೇಸ್ಲಿಯ ಬಾಸ್, ಲೀ ಕರ್ಸ್ಲೇಕ್‌ನ ಡ್ರಮ್ಸ್ ಎರಡನ್ನೂ ತೆಗೆದು ಬೇರೆಯವರಿಂದ ನುಡಿಸಿ ಸೇರಿಸಿದ್ದಾರೆ. ದುಡ್ಡು, ಕೋರ್ಟು, ಜಗಳ, ಎಲ್ಲ ಇತ್ತು ಅದರ ಹಿಂದೆ. ಅಭಿಮಾನಿಗಳು ಬೈದು ಬೈದು ಕೊನೆಗೆ 2011ರಲ್ಲಿ ಮೂಲ ರೆಕಾರ್ಡಿಂಗ್ ವಾಪಸ್ ಬಂತು. ಅದನ್ನೇ ಕೇಳು.

ಆಮೇಲೆ 1987ರ ಲೈವ್ ಆಲ್ಬಮ್ ‘ಟ್ರಿಬ್ಯೂಟ್’ ಹಾಕು. ಲೈವ್ ಹಾಡುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಡೀ’ ಮತ್ತೆ ಬರುತ್ತದೆ, ಸ್ಟುಡಿಯೋದಲ್ಲಿ ಪಕ್ಕಕ್ಕಿಟ್ಟ ಟೇಕ್‌ಗಳು. ಅಲ್ಲಿ ತಪ್ಪುತ್ತಾನೆ, ನಿಲ್ಲಿಸುತ್ತಾನೆ, ಏನೋ ಹೇಳುತ್ತಾನೆ, ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಫೋನ್ ಸ್ಪೀಕರ್‌ನಲ್ಲಿ ಕೇಳಬೇಡ ಮಾರಾಯ, ಒಳ್ಳೆ ಹೆಡ್‌ಫೋನ್ ಹಾಕಿಕೋ. ಕೇಳಿದ ಮೇಲೂ ಗಲಾಟೆ ಜಾಸ್ತಿ ಅನ್ನಿಸಿದರೆ ಭಾನುವಾರ ಕಾಲ್ ಮಾಡು, ಸರಿಯಾಗಿ ಜಗಳ ಆಡೋಣ.

ನಿನ್ನ,
ಲಾಸ್ ಏಂಜಲೀಸ್‌ನ ಗೆಳೆಯ