ವಾರಕ್ಕೊಂದು ಪೀರಿಯಡ್ ಕೊಡಿಸಿ: ದಕ್ಷಿಣ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಿಮ್ಮ ಚುನಾವಣೆ ಬಂದಾಗ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಸ್ಟಾಫ್ ರೂಮುಗಳಲ್ಲಿ ಕೇಳುವ ಮಾತು ಹೆಚ್ಚೂಕಡಿಮೆ ಒಂದೇ. ಹಳೇ ಪಿಂಚಣಿ, ವರ್ಗಾವಣೆ, ಖಾಲಿ ಹುದ್ದೆ, ಅನುದಾನ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ನಾನೂ ಅವುಗಳ ಪರ. ಆದರೆ ಆ ಪಟ್ಟಿಯಲ್ಲಿ ನಾನು ಯಾವತ್ತೂ ಕಾಣದ ಒಂದು ಬೇಡಿಕೆ ಇದೆ. ನಾವು ಶಿಕ್ಷಕರು ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಪಾಠ ನೋಡಿ ಕಲಿಯಬೇಕು. ಅದಕ್ಕೆ ವಾರಕ್ಕೊಂದು ಪೀರಿಯಡ್ ಬೇಕು. ಅದನ್ನು ನೀವು ಕೊಡಿಸಬೇಕು.

ನಾನು ಟಿ. ನರಸೀಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಿ.ಎಡ್. ಓದುವಾಗ ನಾವೆಲ್ಲ ಗೆಳತಿಯರ ಪಾಠಕ್ಕೆ ಅಬ್ಸರ್ವೇಷನ್ ಬುಕ್ ಹಿಡಿದು ಕೂರುತ್ತಿದ್ದೆವು. ಕೆಲಸ ಸಿಕ್ಕ ಮೇಲೆ ಅದು ನಿಂತುಹೋಗುತ್ತದೆ. ಅಕ್ಕಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದರೂ, ಗೋಡೆಯಾಚೆ ಏನು ನಡೆಯುತ್ತದೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರುವುದಿಲ್ಲ. ತರಗತಿಗೆ ದೊಡ್ಡವರು ಯಾರಾದರೂ ಬಂದರು ಅಂದರೆ ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅಥವಾ ವಿಷಯ ಪರಿವೀಕ್ಷಕರ ಭೇಟಿ. ಪಾಠ ಯೋಜನೆ ತೋರಿಸಿ, ದಾಖಲೆ ತೋರಿಸಿ, ಫಲಿತಾಂಶ ಎಷ್ಟು? ಆ ಕೆಲಸವೂ ಬೇಕು. ಆದರೆ ಅದರಿಂದ ನಾಳೆಯ ಪಾಠ ಹೇಗೆ ಮಾಡಬೇಕು ಅಂತ ಗೊತ್ತಾಗುವುದು ಕಡಿಮೆ.

ನೋಡಿದರೆ ಏನು ಸಿಗುತ್ತದೆ ಅಂತ ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

ನಮ್ಮ ಗಣಿತದ ಮೇಡಂ 8ನೇ ತರಗತಿಯಲ್ಲಿ ಭಿನ್ನರಾಶಿ ನೆನಪು ಮಾಡಿಸುತ್ತಿದ್ದರು. ಒಬ್ಬ ಹುಡುಗಿ ಬೋರ್ಡಿನ ಮೇಲೆ 1/2 + 1/3 = 2/5 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು ಕೂಡಿಸಿ, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ನಮ್ಮಲ್ಲಿ ಜಾಸ್ತಿ ಜನ ಅದನ್ನು ಒರೆಸಿ, ಲ.ಸಾ.ಅ. ತೆಗೆಯೋದನ್ನು ಮತ್ತೆ ಹೇಳಿಕೊಡುತ್ತೇವೆ. ಮೇಡಂ ಒರೆಸಲಿಲ್ಲ. "2/5 ಅನ್ನೋದು ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?" ಅಂತ ಕೇಳಿದರು. ಕೇಳಿ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ, "ಕಡಿಮೆ ಮಿಸ್" ಅಂದ. "ಅರ್ಧದ ಜೊತೆಗೆ ಇನ್ನಷ್ಟು ಸೇರಿಸಿದ್ವಿ, ಅರ್ಧಕ್ಕಿಂತ ಕಡಿಮೆ ಆಗೋಯ್ತಾ?" ಅಂದರು. ಇಡೀ ತರಗತಿ ಗಲಗಲ ಮಾತಿಗಿಳಿಯಿತು. ಬರೆದ ಹುಡುಗಿ ತಾನೇ ಹೋಗಿ ಅಳಿಸಿದಳು.

ಅವರು ಸುಮ್ಮನೆ ನಿಂತರಲ್ಲ, ಅದೇ ನನಗೆ ದೊಡ್ಡ ಪಾಠ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ತಾನು ಎಷ್ಟು ಹೊತ್ತು ಕಾಯುತ್ತೇನೆ ಅಂತ ಪಾಠ ಮಾಡುವವರಿಗೆ ಗೊತ್ತಾಗುವುದಿಲ್ಲ. ಹಿಂದೆ ಕೂತವರಿಗೆ ಗೊತ್ತಾಗುತ್ತದೆ.

ಇನ್ನೊಂದು, ನಮ್ಮ ಕನ್ನಡ ಮೇಷ್ಟ್ರ ತರಗತಿಯದು. ನನ್ನ ಪೀರಿಯಡ್‌ನಲ್ಲಿ ತಲೆ ಎತ್ತದ ಹುಡುಗನೊಬ್ಬ ಅಲ್ಲಿ ಹಳಗನ್ನಡ ಪದ್ಯವನ್ನು ರಾಗವಾಗಿ ಓದಿ, ಅರ್ಥವನ್ನೂ ಬಿಡಿಸಿ ಹೇಳುತ್ತಿದ್ದ. ಮರುದಿನ ದ್ಯುತಿಸಂಶ್ಲೇಷಣೆಯ ಪ್ಯಾರಾವನ್ನು ಗಟ್ಟಿಯಾಗಿ ಓದಲು ಅವನಿಗೇ ಹೇಳಿದೆ. ಓದಿದ. ತನ್ನ ಮಾತಿನಲ್ಲಿ ಹೇಳಿಯೂ ಹೇಳಿದ. ಯಾವ ತರಬೇತಿಯಲ್ಲೂ ಆ ಹುಡುಗನ ಬಗ್ಗೆ ನನಗೆ ಯಾರೂ ಹೇಳುತ್ತಿರಲಿಲ್ಲ, ಅಲ್ವಾ?

ಇದಕ್ಕೆ ದೂರದ ಮಾದರಿ ಬೇಕಿದ್ದರೆ ಜಪಾನ್ ಇದೆ. ಅಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಶಿಕ್ಷಕರು ಸೇರಿ ಒಂದು ಪಾಠ ಹೆಣೆಯುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ನೋಡುವುದು ಶಿಕ್ಷಕರನ್ನಲ್ಲ, ಮಕ್ಕಳನ್ನು: ಯಾರು ಎಲ್ಲಿ ಸಿಕ್ಕಿಹಾಕಿಕೊಂಡರು, ಯಾವ ಪ್ರಶ್ನೆಗೆ ಮುಖ ಅರಳಿತು ಅಂತ. ಆಮೇಲೆ ಕೂತು ಮಾತಾಡಿ ಪಾಠವನ್ನು ತಿದ್ದುತ್ತಾರೆ.

ಆದರೆ ಜಪಾನ್‌ವರೆಗೆ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆ ಇದೆ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋದರು. ಆ ಸುತ್ತಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿದರು. ವಾಪಸ್ ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ಚಟುವಟಿಕೆಯ ಕಾರ್ಡು ಮಾಡಿದರು, ಮಗು ಒಂದೊಂದೇ ಮೆಟ್ಟಿಲು ಹತ್ತುತ್ತಾ ಕಲಿಯುವ ಕಲಿಕಾ ಏಣಿ ಮಾಡಿದರು. ಯುನಿಸೆಫ್ ಬೆಂಬಲ ಕೊಟ್ಟಿತು. ಅದೇ ನಲಿಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ರಾಜ್ಯಕ್ಕೆ ನಮ್ಮ ಜಿಲ್ಲೆ ಕೊಟ್ಟ ಇಷ್ಟು ದೊಡ್ಡ ಬದಲಾವಣೆ ಶುರುವಾಗಿದ್ದು ಶಿಕ್ಷಕರು ಬೇರೆ ಶಿಕ್ಷಕರ ತರಗತಿಯಲ್ಲಿ ಕೂತು ನೋಡಿದ್ದರಿಂದ. ಆಮೇಲೆ ಎಲ್ಲೆಡೆ ಕಾರ್ಡು ಬಂತು, ತರಬೇತಿಯೂ ಬಂತು. ಚೆನ್ನಾಗಿ ನಡೆಯುವ ತರಗತಿಯೊಳಗೆ ಕೂರುವ ಅವಕಾಶ ಮಾತ್ರ ಎಲ್ಲರಿಗೂ ಬರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಸಮಯ ಎಲ್ಲಿದೆ ಅಂತ ಇಲಾಖೆ ಕೇಳುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬಗ್ಗೆ ನಮ್ಮಲ್ಲಿ ಎಷ್ಟೇ ಜಗಳ ಇರಲಿ, ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಬೇಕು ಅನ್ನುವುದನ್ನು ಬೇಡ ಅಂದವರನ್ನು ನಾನು ನೋಡಿಲ್ಲ. ವಾರಕ್ಕೆ 40 ನಿಮಿಷ ಅಂದರೂ ವರ್ಷಕ್ಕೆ 24 ಗಂಟೆ ಆಸುಪಾಸು ಆಗುತ್ತದೆ. ಆ 50ರ ಅರ್ಧದಷ್ಟು ನಮ್ಮ ಶಾಲೆಯೊಳಗೇ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆಯೂ ಶಿಕ್ಷಕರ ವಾರದ 45 ಗಂಟೆಯಲ್ಲಿ ಪಾಠದ ತಯಾರಿಯನ್ನು ಸೇರಿಸಿಯೇ ಲೆಕ್ಕ ಹಾಕಿದೆ.

ನನಗಿರುವ ದೊಡ್ಡ ಭಯ ಬೇರೆ. ನೀವು ಕೇಳುತ್ತೀರಿ, ಸರ್ಕಾರ ಒಪ್ಪುತ್ತದೆ, ಮರುವಾರವೇ ಒಂದು ನಮೂನೆ ಬರುತ್ತದೆ. ಯಾರು ಯಾರ ತರಗತಿ ನೋಡಿದರು, ಹತ್ತಕ್ಕೆ ಎಷ್ಟು ಅಂಕ, ಫೋಟೋ ತೆಗೆದು ಗ್ರೂಪಿಗೆ ಹಾಕಿ, ಸಂಜೆಯೊಳಗೆ ಅಪ್‌ಲೋಡ್ ಮಾಡಿ. ಹಾಗಾದರೆ ಅವತ್ತಿಗೇ ಇದು ಮುಗಿಯಿತು. ಅಂಕ ಕೊಡಲು ಬಂದವರ ಮುಂದೆ ಯಾರೂ ಕಷ್ಟದ ಪಾಠ ಮಾಡುವುದಿಲ್ಲ. ಬಾಯಿಪಾಠ ಬರುವ ಮಕ್ಕಳನ್ನು ಮುಂದೆ ಕೂರಿಸಿ, ಚೆನ್ನಾಗಿ ಬರುವ ಪಾಠವನ್ನೇ ಮಾಡುತ್ತಾರೆ. ದಯವಿಟ್ಟು ಆದೇಶದಲ್ಲೇ ಬರೆಸಿ: ನೋಡಿದ್ದು ಆ ಇಬ್ಬರ ನಡುವೆ ಇರುತ್ತದೆ, ವರದಿ ಇಲ್ಲ, ಅಂಕ ಇಲ್ಲ, ವಾರ್ಷಿಕ ಕಾರ್ಯನಿರ್ವಹಣಾ ವರದಿಗೂ ಇದಕ್ಕೂ ಸಂಬಂಧ ಇಲ್ಲ. ಕರೆದವರ ತರಗತಿಗೆ ಮಾತ್ರ ಹೋಗಬೇಕು.

ಚಿಕ್ಕ ಶಾಲೆಗಳಲ್ಲಿ ಒಂದು ವಿಷಯಕ್ಕೆ ಒಬ್ಬರೇ ಇರುತ್ತಾರೆ. ಅಂಥವರು ತಿಂಗಳಿಗೊಮ್ಮೆ ಪಕ್ಕದ ಊರಿನ ಶಾಲೆಗೆ ಹೋಗಲು ಓಓಡಿ (ಅನ್ಯ ಕರ್ತವ್ಯದ ಅನುಮತಿ) ಸಿಗಬೇಕು. ಅತಿಥಿ ಶಿಕ್ಷಕರನ್ನು ಬಿಡಬೇಡಿ, ಈ ಅವಕಾಶ ಅವರಿಗೇ ಜಾಸ್ತಿ ಬೇಕು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ, ಅದರದೇ ಪ್ರಾತ್ಯಕ್ಷಿಕ ಶಾಲೆಯೂ ಇದೆ. ನಮ್ಮ ಹಳ್ಳಿ ಶಾಲೆಗಳ ಶಿಕ್ಷಕರೂ ಅಲ್ಲಿ ಒಂದು ದಿನ ಕೂತು ಬರುವಂತಾಗಲಿ.

ಇನ್ನೊಂದು ಮಾತು. ಸಂವಿಧಾನದ 171ನೇ ವಿಧಿಯಂತೆ ನಿಮ್ಮ ಕ್ಷೇತ್ರದಲ್ಲಿ ಪ್ರೌಢಶಾಲೆಗಿಂತ ಕೆಳಗಿನ ಶಿಕ್ಷಕರಿಗೆ ಮತ ಇಲ್ಲ. ಆದರೆ ನಲಿಕಲಿ ಕಟ್ಟಿದವರು ಪ್ರಾಥಮಿಕ ಶಾಲೆಯವರೇ. ಅವರ ಮತ ನಿಮಗೆ ಬರುವುದಿಲ್ಲ, ಆದರೂ ಅವರಿಗಾಗಿಯೂ ನೀವೇ ಕೇಳಬೇಕು.

ಮುಂದಿನ ಅಧಿವೇಶನದಲ್ಲಿ ಶಿಕ್ಷಣ ಸಚಿವರಿಗೆ ಈ ಪ್ರಶ್ನೆ ಹಾಕಿ. ಎಲ್ಲ ಜಿಲ್ಲೆಗೂ ಒಟ್ಟಿಗೆ ಆಗದಿದ್ದರೆ ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಲು ಬಿಡಲಿ. ನಮ್ಮ ತಾಲ್ಲೂಕನ್ನೇ ತೆಗೆದುಕೊಳ್ಳಿ. ವೇಳಾಪಟ್ಟಿ ಹೊಂದಿಸಿಕೊಳ್ಳುವುದನ್ನು ನಮಗೆ ಬಿಡಿ, ನಾವು ಮಾಡಿಕೊಳ್ಳುತ್ತೇವೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಟಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ