ನಾಯಿ ಕಚ್ಚಿದರೆ ಅರಿಶಿನ ಬೇಡ, ಆಸ್ಪತ್ರೆಗೆ ಬನ್ನಿ: ಪೋಷಕರಿಗೆ ಪತ್ರ

ಪೋಷಕರಿಗೆಲ್ಲ ನಮಸ್ಕಾರ.

ಮಗುವಿಗೆ ನಾಯಿ ಕಚ್ಚಿದಾಗ, ಹಾವು ಕಚ್ಚಿದಾಗ, ಕಾಯಿಲೆ ಜೋರಾದಾಗ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದರ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಈ ವರ್ಷ ನಮ್ಮ ಶಾಲೆಯ ಕೆಲವು ಮಕ್ಕಳು ನಾಯಿ ಕಚ್ಚಿದ ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಿಕೊಂಡು ತರಗತಿಗೆ ಬಂದರು. ಕೇಳಿದರೆ, "ಅಜ್ಜಿ ಹಚ್ಚಿದ್ರು ಮಿಸ್. ನಾಟಿ ಔಷಧಿ ಕೊಡ್ಸಿದ್ದಾರೆ, ಇಂಜೆಕ್ಷನ್ ಬೇಡ ಅಂದ್ರು" ಎಂದರು. ಮನೆಯವರನ್ನು ಕರೆಸಿ, ಮಾತಾಡಿ, ಆ ಮಕ್ಕಳಿಗೆ ಲಸಿಕೆ ಹಾಕಿಸಿದ್ದಾಯಿತು. ಆದರೆ ಈ ವಿಷಯ ಎಲ್ಲರ ಮನೆಗೂ ತಲುಪಬೇಕು. ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿ.

ನಾಯಿ ಕಡಿತವನ್ನೇ ಮೊದಲು ಹೇಳುತ್ತೇನೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಒಮ್ಮೆ ಲಕ್ಷಣ ತೋರಿಸಿತು ಅಂದರೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ನೀರು ಕುಡಿಯಲು ಹೋದರೆ ಗಂಟಲು ಬಿಗಿಯುತ್ತದೆ, ಮುಖಕ್ಕೆ ಗಾಳಿ ತಾಗಿದರೂ ರೋಗಿ ಬೆಚ್ಚಿಬೀಳುತ್ತಾನೆ. ಆ ಹಂತಕ್ಕೆ ಹೋದ ಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಸೇರಿಸಿದರೂ ಗುಣವಾಗುವ ಔಷಧಿ ಇಲ್ಲ. ಆದರೆ ಕಚ್ಚಿದ ಕೂಡಲೇ ಗಾಯ ತೊಳೆದು, ಸರಿಯಾಗಿ ಲಸಿಕೆ ಹಾಕಿಸಿದರೆ ಈ ಸಾವನ್ನು ತಡೆಯಬಹುದು. ತಡೆಯಬಹುದಾದ ಸಾವು ಇದು, ಅದಕ್ಕೇ ಹೊಟ್ಟೆ ಉರಿಯುತ್ತದೆ. ಪ್ರಪಂಚದಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ನಮ್ಮ ದೇಶದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು.

ಹಾಗಾದರೆ ನಾಟಿ ಔಷಧಿ ತಗೊಂಡವರು ಎಷ್ಟೋ ಜನ ಚೆನ್ನಾಗಿದ್ದಾರಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಕಚ್ಚುವ ನಾಯಿಗಳೆಲ್ಲಕ್ಕೂ ರೇಬೀಸ್ ಇರುವುದಿಲ್ಲ. ರೋಗವಿಲ್ಲದ ನಾಯಿ ಕಚ್ಚಿದರೆ ಬೇರು ತಿಂದರೂ ರೇಬೀಸ್ ಬರುವುದಿಲ್ಲ, ಏನೂ ತಿನ್ನದಿದ್ದರೂ ಬರುವುದಿಲ್ಲ. ಆದರೆ ಹೆಸರು ಬರುವುದು ಬೇರಿಗೆ. ಇನ್ನೊಂದು ಕಾರಣವೂ ಇದೆ. ಈ ವೈರಸ್ ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮಿದುಳಿನ ಕಡೆಗೆ ಹೋಗುತ್ತದೆ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಿಗೆ ಒಂದೇ ವಾರ ಸಾಕು, ಕೆಲವರಿಗೆ ವರ್ಷವೇ ಆಗಬಹುದು. ಅಷ್ಟರಲ್ಲಿ ಗಾಯ ಒಣಗಿರುತ್ತದೆ, ಮಗು ಆಡಿಕೊಂಡಿರುತ್ತದೆ, ಔಷಧಿ ಹಿಡಿಯಿತು ಅಂತ ಮನೆಯವರು ನೆಮ್ಮದಿಯಾಗಿರುತ್ತಾರೆ. ನಿಜಕ್ಕೂ ರೋಗ ಇದ್ದ ನಾಯಿ ಕಚ್ಚಿದ್ದರೆ, ಲಸಿಕೆ ಹಾಕಿಸಲು ಸಿಕ್ಕಿದ್ದ ಸಮಯ ಹೀಗೆ ನೆಮ್ಮದಿಯಲ್ಲೇ ಕಳೆದುಹೋಗುತ್ತದೆ. ಯಾವ ನಾಯಿಗೆ ರೋಗ ಇದೆ, ಯಾವುದಕ್ಕೆ ಇಲ್ಲ ಅಂತ ನಾವು ನೋಡಿ ಹೇಳಲು ಆಗುವುದಿಲ್ಲ ಅಲ್ವಾ?

ಕಚ್ಚಿದ ತಕ್ಷಣ ಮಾಡಬೇಕಾದ ಕೆಲಸ ತುಂಬ ಸುಲಭ. ಹರಿಯುವ ನೀರಿನಲ್ಲಿ, ಬಟ್ಟೆ ಸೋಪಾದರೂ ಸರಿ, ಸೋಪು ಹಚ್ಚಿ ಗಾಯವನ್ನು 15 ನಿಮಿಷ ತೊಳೆಯಿರಿ. ಈ ವೈರಸ್‌ಗೆ ಕೊಬ್ಬಿನ ಹೊರಪದರ ಇದೆ, ಸೋಪು ಅದನ್ನು ಒಡೆಯುತ್ತದೆ. ಮಗು ಅಳುತ್ತದೆ, ಆದರೂ ಬಿಡಬೇಡಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಅವು ಗಾಯವನ್ನು ಇನ್ನಷ್ಟು ಕೆರಳಿಸುತ್ತವೆ, ತೊಳೆಯುವುದೂ ಕಷ್ಟವಾಗುತ್ತದೆ. ಬಿಗಿಯಾಗಿ ಕಟ್ಟು ಕಟ್ಟಬೇಡಿ. ತೊಳೆದ ಮೇಲೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಅಲ್ಲಿ ಲಸಿಕೆಗೆ ದುಡ್ಡು ಕೊಡಬೇಕಿಲ್ಲ.

"ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂಬ ಭಯ ಈಗಲೂ ಹಿರಿಯರ ಮನಸ್ಸಿನಲ್ಲಿದೆ. ಅವರ ಕಾಲದಲ್ಲಿ ಅದು ನಿಜವೇ ಆಗಿತ್ತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮಕ್ಕೆ ಸಣ್ಣ ಸೂಜಿಯಲ್ಲಿ ಕೊಡುತ್ತಾರೆ. ಮೊದಲ ದಿನ ಒಮ್ಮೆ, ಆಮೇಲೆ 3ನೇ, 7ನೇ, 28ನೇ ದಿನ. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಕೂಡ ಬೇಕು. ಲಸಿಕೆ ಕೆಲಸ ಶುರು ಮಾಡುವ ತನಕ ಅದೇ ಮಗುವನ್ನು ಕಾಯುವುದು. ನಿಮ್ಮ ಪಿಎಚ್‌ಸಿಯಲ್ಲಿ ಅದು ಇಲ್ಲದಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ದೂರ ಅಂತ ಸುಮ್ನೆ ಮನೆಗೆ ವಾಪಸ್ ಬರಬೇಡಿ. ಎರಡು ಡೋಸ್ ಆಯಿತು, ಗಾಯ ಮಾಯಿತು ಅಂತ ನಡುವೆ ನಿಲ್ಲಿಸಲೂಬೇಡಿ. ಕೂಲಿ ತಪ್ಪುತ್ತದೆ, ಮಗುವನ್ನು ಕರೆದುಕೊಂಡು ಹೋಗಲು ಯಾರೂ ಇಲ್ಲ ಅನ್ನುವ ಕಷ್ಟವಿದ್ದರೆ ನಮಗೆ ಹೇಳಿ. ನಮ್ಮ ಶಿಕ್ಷಕರಲ್ಲಿ ಒಬ್ಬರು ಜೊತೆಗೆ ಹೋಗುತ್ತಾರೆ. ಹಾಜರಾತಿಯ ಚಿಂತೆಯೂ ಬೇಡ.

ಮರಿ ನಾಯಿ, ಮನೆ ನಾಯಿ, ಬೆಕ್ಕು, ಕೋತಿ ಯಾವುದು ಕಚ್ಚಿದರೂ, ಪರಚಿದರೂ ವೈದ್ಯರಿಗೆ ತೋರಿಸಿ. ಲಸಿಕೆ ಬೇಕೋ ಬೇಡವೋ ಅಂತ ಅವರು ಹೇಳಲಿ.

ಇಲ್ಲಿ ಶಿಕ್ಷಕಿಯಾಗಿ ನಾನು ಕಂಡ ಒಂದು ಮಾತು ಹೇಳಲೇಬೇಕು. ಮಕ್ಕಳು ಇದನ್ನು ಮುಚ್ಚಿಡುತ್ತಾರೆ. "ಆ ನಾಯಿ ಹತ್ರ ಯಾಕೆ ಹೋದೆ" ಅಂತ ಬೈಗುಳ ಬೀಳುತ್ತದೆ, ಏಟು ಬೀಳುತ್ತದೆ, ಮೇಲೆ ಇಂಜೆಕ್ಷನ್ ಬೇರೆ. ಅದಕ್ಕೆ ಅಂಗಿಯ ತೋಳು ಎಳೆದುಕೊಂಡು ಸುಮ್ಮನಾಗುತ್ತಾರೆ. ಸಣ್ಣ ಮಕ್ಕಳು ಕುಳ್ಳಗಿರುವುದರಿಂದ ಮುಖ, ಕುತ್ತಿಗೆಗೆ ಕಚ್ಚಿಸಿಕೊಳ್ಳುವುದು ಜಾಸ್ತಿ. ಅಲ್ಲಿಂದ ಮಿದುಳು ಹತ್ತಿರ, ಹಾಗಾಗಿ ಸಮಯವೂ ಕಡಿಮೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗುವಿಗೆ ಒಂದು ಮಾತು ಹೇಳಿ: "ನಾಯಿ, ಬೆಕ್ಕು ಏನೇ ಕಚ್ಚಿದರೂ, ಪರಚಿದರೂ ಬಂದು ಹೇಳು, ನಾನು ಬೈಯಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಶಾಲೆಯಲ್ಲಿ ನಾವೂ ಇದನ್ನೇ ಹೇಳಿದ್ದೇವೆ.

ಹಾವಿನ ಕಡಿತದಲ್ಲಿ ಸಮಯ ಇನ್ನೂ ಕಡಿಮೆ. ಇಲ್ಲಿ ಲೆಕ್ಕ ಗಂಟೆಗಳದ್ದು. ನಮ್ಮ ಸುತ್ತ ಇರುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಮಂತ್ರ ಹಾಕಿದವರಿಗೆ, ಹಸಿರೆಲೆ ರಸ ಕುಡಿಸಿದವರಿಗೆ ಹೆಸರು ಬಂದಿರುವುದು ಇಂಥ ಕಡಿತಗಳಿಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ವಿಷ ಬಿಟ್ಟು ಕಚ್ಚಿದರೆ ಉಳಿಸುವುದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಇಂಜೆಕ್ಷನ್ ಒಂದೇ. ಕಟ್ಟುಹಾವಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಾಗಲಿ ಗುರುತಾಗಲಿ ಹೆಚ್ಚಾಗಿ ಇರುವುದಿಲ್ಲ. ಬೆಳಗ್ಗೆ ಮಗು ಹೊಟ್ಟೆನೋವು ಅನ್ನುತ್ತಿದ್ದು, ರೆಪ್ಪೆ ಇಳಿಬಿದ್ದು, ಮಾತು ತೊದಲುತ್ತಿದ್ದರೆ ದೃಷ್ಟಿ ಆಗಿದೆ ಅಂತ ನಿವಾಳಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹಗ್ಗದಿಂದ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ನೋಡಿಕೊಂಡು ಕರೆತನ್ನಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಅಷ್ಟು ಗಂಭೀರವಾದ ವಿಷಯ ಇದು.

ಕಾಮಾಲೆಯದೂ ಇದೇ ಕಥೆ. ಮಕ್ಕಳಿಗೆ ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಣ್ಣಿಗೆ, ಮೂಗಿಗೆ ಹಿಂಡಿದ ರಸದಿಂದ ಅಲ್ಲ. ಮೊದಲೇ ದಣಿದ ಲಿವರ್‌ಗೆ ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿ ಕೊಟ್ಟರೆ ಕೆಡಲೂಬಹುದು. ಮಗು ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ, ಪದೇ ಪದೇ ವಾಂತಿ ಮಾಡುತ್ತಿದ್ದರೆ, ಎಲ್ಲಾದರೂ ರಕ್ತ ಒಸರಿದರೆ ಒಂದು ಗಳಿಗೆಯೂ ಕಾಯಬೇಡಿ. ಮೈಗೆ ಬರೆ ಹಾಕಿಸುವುದಂತೂ ಯಾವ ಕಾಯಿಲೆಗೂ ಔಷಧಿ ಅಲ್ಲ. ಅದು ಮಗುವನ್ನು ಸುಡುವುದು, ಅಷ್ಟೇ.

ದಿನವೂ ಔಷಧಿ ಬೇಕಾದ ಮಕ್ಕಳ ಪೋಷಕರಿಗೆ ಕೈಮುಗಿದು ಕೇಳುತ್ತೇನೆ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿರುತ್ತದೆ. ಹಾಗಲಕಾಯಿ ರಸ, ಬೇವಿನ ಪುಡಿ ಆ ಜಾಗ ತುಂಬಲಾರವು. 1922ರಲ್ಲಿ ಟೊರಾಂಟೋದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. "ಎಷ್ಟು ದಿನ ಅಂತ ಚುಚ್ಚೋದು" ಎಂಬ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಂದು ದಿನವೂ ತಪ್ಪಿಸಬೇಡಿ. ಪೂರ್ತಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಮೂರ್ಛೆಯ ಮಾತ್ರೆಯೂ ಹಾಗೆಯೇ. ಯಾರೋ ಹೇಳಿದರೆಂದು ದಿಢೀರನೆ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು.

ಮನೆಯಲ್ಲಿ ಉಳಿದ ಮಾತ್ರೆಗಳ ಡಬ್ಬಿಯ ಬಗ್ಗೆಯೂ ಸ್ವಲ್ಪ ಯೋಚಿಸಿ. ಅಣ್ಣನಿಗೆ ಬರೆದುಕೊಟ್ಟ ಆಂಟಿಬಯೋಟಿಕ್ ತಂಗಿಗಲ್ಲ. ಸಾಮಾನ್ಯ ನೆಗಡಿ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ಕೆಲಸವನ್ನೇ ಮಾಡುವುದಿಲ್ಲ. ಡೆಂಗ್ಯೂ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಅಪಾಯ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ "ಜ್ವರಕ್ಕೆ ಏನಾದ್ರೂ ಕೊಡಿ" ಅಂತ ಕೇಳಬೇಡಿ.

ಮನೆಮದ್ದನ್ನೆಲ್ಲ ಬಿಡಿ ಅಂತ ನಾನು ಹೇಳುತ್ತಿಲ್ಲ. ನೆಗಡಿಗೆ ಶುಂಠಿ ಕಷಾಯ, ಗಂಟಲು ನೋವಿಗೆ ಬಿಸಿನೀರು ಉಪ್ಪು ನಮ್ಮ ಮನೆಯಲ್ಲೂ ಇದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನುತುಪ್ಪ ನೆಕ್ಕಿಸಬೇಡಿ, ಕರ್ಪೂರ ಸಣ್ಣ ಮಕ್ಕಳ ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳಿ. ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಓದಿ ನೋಂದಣಿ ಮಾಡಿಸಿಕೊಂಡ ವೈದ್ಯರ ಹತ್ತಿರ ಹೋಗಿ. ಮಗು ಬೇರೆ ಯಾವ ಮಾತ್ರೆ ತಗೊಳ್ಳುತ್ತಿದೆ ಎಂದು ಅವರಿಗೂ ಹೇಳಿ. ನಾಟಿ ಔಷಧಿ ಕೊಟ್ಟಿದ್ದರೆ ಆಸ್ಪತ್ರೆಯ ವೈದ್ಯರಿಂದ ಅದನ್ನು ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆಗೆ ಮುಚ್ಚಿಟ್ಟರೆ ಮಗುವಿನ ಚಿಕಿತ್ಸೆಯೇ ದಾರಿ ತಪ್ಪಬಹುದು.

ಮುಂದಿನ ಶನಿವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಪಿಎಚ್‌ಸಿ ವೈದ್ಯರನ್ನೂ ಆಶಾ ಕಾರ್ಯಕರ್ತೆಯನ್ನೂ ಕರೆದಿದ್ದೇವೆ. ಇಲ್ಲಿ ಬರೆದದ್ದರಲ್ಲಿ ಏನಾದರೂ ಅನುಮಾನ ಇದ್ದರೆ ಅವರನ್ನೇ ಕೇಳಿ. ಅಜ್ಜ ಅಜ್ಜಿಯರನ್ನು ಖಂಡಿತ ಕರೆತನ್ನಿ, ಮನೆಯಲ್ಲಿ ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರು ಅವರೇ. ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಗು ದಿನವೂ ತಗೊಳ್ಳುವ ಔಷಧಿ, ಯಾವುದಾದರೂ ಅಲರ್ಜಿ, ತುರ್ತಿಗೆ ಕರೆಯಬೇಕಾದ ಫೋನ್ ನಂಬರ್ ಬರೆದು, ಸಹಿ ಮಾಡಿ ಸೋಮವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ. ಬರೆಯಲು ಬಾರದವರು ಶಾಲೆಗೆ ಬಂದು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ