ಬರೆಯುವ ಕೈಯ ವಿಷಯವಾಗಿ ಒಂದು ಪತ್ರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಒಂದು ಗಂಟೆ ಬರೆಯುವಷ್ಟರಲ್ಲಿ ಬಲಗೈ ಬಿಗಿದು ಅಕ್ಷರ ಕೆಡುತ್ತದೆ, ಆದರೂ ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರು ಬೇಕೆಂದು ಕೇಳಲು ಸಂಕೋಚ ಎಂದು ನೀನು ಬರೆದಿದ್ದನ್ನು ಓದಿದಾಗಿನಿಂದ ನನ್ನ ಮನಸ್ಸು ಅಲ್ಲೇ ಇದೆ. ಈ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬರುವ ಮೊದಲೇ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟರನ್ನು ಕಾಣು.

ಚಿಕ್ಕಂದಿನಲ್ಲಿ ವ್ಯಾಯಾಮ ಮಾಡಿ ಮಾಡಿ ನೀನು ಬೇಸತ್ತಿದ್ದು ನನಗೆ ಗೊತ್ತು. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ, ಬಿಗಿದ ಸ್ನಾಯುವನ್ನು ಸಡಿಲಿಸುವುದಷ್ಟೇ ಈ ಥೆರಪಿಸ್ಟರ ಕೆಲಸವಲ್ಲ. ಬೆಳಿಗ್ಗೆ ಹಾಸ್ಟೆಲಿನಲ್ಲಿ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ರಾತ್ರಿ ನೋಟ್ಸ್ ಬರೆಯುವವರೆಗೆ ನಿನ್ನ ದಿನದ ಶಕ್ತಿ ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬುದನ್ನು ಕೇಳಿ ತಿಳಿದು, ಕೆಲಸ ಮಾಡುವ ರೀತಿಯನ್ನೋ ಸಲಕರಣೆಯನ್ನೋ ಕೂರುವ ಜಾಗವನ್ನೋ ನಿನಗೆ ಹೊಂದುವಂತೆ ಬದಲಿಸುತ್ತಾರೆ. ನನಗೆ ಪಾರ್ಶ್ವವಾಯು ಆದ ವರ್ಷ ಥೆರಪಿಸ್ಟ್ ನನ್ನ ಪೆನ್ನಿಗೆ ಫೋಮಿನ ಕೊಳವೆ ತೊಡಿಸಿ ದಪ್ಪ ಮಾಡಿದರು. ಮುಂಗೈ ಪೂರ್ತಿ ಮೇಜಿನ ಮೇಲೆ ಊರುವಂತೆ ಕುರ್ಚಿಯನ್ನು ಎತ್ತರಿಸಿ, ಪಾದ ತೂಗಾಡದಂತೆ ಕೆಳಗೊಂದು ಮಣೆ ಇಟ್ಟು, ಕಾಗದದ ಅಡಿಗೆ ಜಾರದ ಹಾಳೆ ಹಾಸಿದರು. ಅಂದು ನಾನು ಆರು ತಿಂಗಳ ಬಳಿಕ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ.

ಹಾಗೆಂದು ಎಲ್ಲವನ್ನೂ ಕೈಯಿಂದಲೇ ಬರೆಯಬೇಕೆಂಬ ಹಟ ಬೇಡ. ತರಗತಿಯಲ್ಲಿ ಧ್ವನಿಮುದ್ರಣ, ಅಸೈನ್‌ಮೆಂಟಿಗೆ ಟೈಪಿಂಗ್, ಪರೀಕ್ಷೆಗೆ ಲಿಪಿಕಾರರು: ಯಾವುದು ಎಲ್ಲಿ ಬೇಕೆಂಬುದನ್ನು ಥೆರಪಿಸ್ಟರೊಂದಿಗೆ ಕೂತು ತೀರ್ಮಾನಿಸು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಹಕ್ಕು, ಯಾರ ದಯೆಯೂ ಅಲ್ಲ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದು ಬರೆಯಲು ತೊಡಕಿರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಆ ಪ್ರಮಾಣ ಇಲ್ಲವೆಂಬ ಒಂದೇ ಕಾರಣಕ್ಕೆ, ಬರೆಯಲಾಗದವರಿಗೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ತೀರ್ಪು ಕೊಟ್ಟಿದೆ.

ಬಹಳ ಹಿಂದೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಾಗಿದ್ದಾಗ, ಕೈ ನಡುಗುತ್ತಿದ್ದ ಒಬ್ಬ ಹುಡುಗನ ಉತ್ತರಪತ್ರಿಕೆಯನ್ನು ಗಂಟೆ ಹೊಡೆದ ಕೂಡಲೇ ನಾನು ಎಳೆದುಕೊಂಡೆ. ಕೊನೆಯ ಪ್ರಶ್ನೆಗೆ ಅವನು ಎರಡೇ ಸಾಲು ಬರೆದಿದ್ದ. ಉತ್ತರ ಅವನಿಗೆ ಗೊತ್ತಿತ್ತು, ನನಗೂ ಅದು ಗೊತ್ತಿತ್ತು. ನಿನ್ನ ಸಂಕೋಚದ ಮಾತು ಓದಿದಾಗ ಮೊದಲು ನೆನಪಾದದ್ದು ಆ ಎರಡು ಸಾಲು.

ಥೆರಪಿಸ್ಟರಲ್ಲಿಗೆ ಹೋಗುವಾಗ ವೈದ್ಯಕೀಯ ಕಾಗದಗಳ ಜೊತೆಗೆ, ಒಂದೇ ಕೂರಿಕೆಯಲ್ಲಿ ಬರೆದ ನೋಟ್ಸಿನ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಒಯ್ದು ತೋರಿಸು. ಕೈ ಎಲ್ಲಿ ಸೋಲತೊಡಗುತ್ತದೆಂಬುದು ಅವರಿಗೆ ಅಲ್ಲೇ ಕಾಣುತ್ತದೆ. ಅವರ ಶಿಫಾರಸನ್ನು ಲಿಖಿತವಾಗಿ ಪಡೆದು ಪರೀಕ್ಷಾ ವಿಭಾಗಕ್ಕೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೋ. ದಿನ ಗೊತ್ತಾದ ಕೂಡಲೇ ತಿಳಿಸು, ನಾನೂ ಜೊತೆಗೆ ಬರುತ್ತೇನೆ.

ಇಂತು ನಿನ್ನ
ದೊಡ್ಡಪ್ಪ